ಮಾನ್ವಿಯ ಡೈರಿಯಲ್ಲಿ ಮನಿಲಾದ ಅಕ್ಕ

ಅಂಗೈಯಗಲದ ಡೈರಿ. ರಟ್ಟಿನ ಮೇಲೆ ಅಯೋಡಿನ್ ಕಲೆ. ಒಳಗೆ ದುಂಡನೆಯ ಕನ್ನಡ ಅಕ್ಷರ: ‘ಮಸಾಕಿತ್ – ನೋವು. ತುಬಿಗ್ – ನೀರು. ಆತೆ – ಅಕ್ಕ. ಕುಮಾಯಿನ್ ಕಾ ನಾ ಬಾ? – ಊಟ ಆತೇನು?’

ಮಾನ್ವಿಯ ಮನೆಯೊಂದರ ಪಡಸಾಲೆಯಲ್ಲಿ ಕೂತು ಇದನ್ನು ಓದಿದ್ದೇ ತಡ, ಕೇಳಬೇಕೆಂದು ಹೊತ್ತುಕೊಂಡು ಹೋಗಿದ್ದ ಪ್ರಶ್ನೆಗಳೆಲ್ಲ ಚೀಲದಲ್ಲೇ ಉಳಿದವು. ಡೈರಿಯ ಒಡತಿ ರಿಯಾದ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ರಜೆಗೆ ಬಂದಿದ್ದಳು. ಫಿಲಿಪೀನ್ಸ್‌ನವರ ಟಗಾಲೊಗ್ ಅವಳಿಗೆ ಬಂದದ್ದು ರಾತ್ರಿ ಪಾಳಿಯಲ್ಲಿ, ಜೊತೆಯ ನರ್ಸುಗಳಿಂದ. “ಅರಬ್ಬಿ ಪೇಷಂಟಿಗೆ ಬೇಕು, ಇಂಗ್ಲಿಷ್ ಡಾಕ್ಟರಿಗೆ ಬೇಕು. ಇದು ನನಗ ಬೇಕಾತ್ರಿ ಸರ್” ಎಂದಳು.

ಹಿರಿಯಳನ್ನು ಅವರು ಹೆಸರು ಹಿಡಿದು ಕೂಗುವುದಿಲ್ಲ, ‘ಆತೆ’ ಅನ್ನುತ್ತಾರೆ. ಮೊದಲ ತಿಂಗಳು ಫೋನಿನಲ್ಲಿ ‘ಆತೆ ಬುತ್ತಿ ಕೊಟ್ಲು, ಆತೆ ಡ್ಯೂಟಿ ಬದ್ಲಿ ಮಾಡ್ಕೊಟ್ಲು’ ಎಂದು ಮಗಳು ಹೇಳುವುದನ್ನು ಕೇಳಿ ತಾಯಿ ಎದೆ ಒಡೆದುಕೊಂಡಿದ್ದಳಂತೆ: “ನಮಗ ಹೇಳ್ದ ಕೇಳ್ದ ಅಲ್ಲಿ ಅತ್ತಿ ಎಲ್ಲಿಂದ ಬಂದ್ಲವ್ವಾ?” ಈಗಲೂ ಮನೆಯಲ್ಲಿ ಆ ಫಿಲಿಪಿನೊ ಹೆಣ್ಣುಮಗಳ ಹೆಸರು ‘ರಿಯಾದಿನ ಅತ್ತಿ’ ಎಂದೇ.

ರಾಯಚೂರಿಗೆ ಮರಳಿದ ಮೇಲೂ ಹುಚ್ಚು ಬಿಡಲಿಲ್ಲ, ನಿಘಂಟು ಹಿಡಿದು ಕೂತೆ. ಟಗಾಲೊಗ್‌ನಲ್ಲಿ ಮುಖಕ್ಕೆ ‘ಮುಖಾ’. ಮೇಷ್ಟ್ರಿಗೆ ‘ಗುರೊ’. ಭರವಸೆಗೆ ‘ಆಸಾ’. ಸಂಸ್ಕೃತ ಹಡಗು ಹತ್ತಿ ಅಲ್ಲಿಯವರೆಗೂ ಹೋಗಿದೆ. ‘ದುಖಾ’ ಅಂದರೆ ಅಲ್ಲಿ ಬಡವ! ದುಃಖ ಬೇರೆ, ಬಡತನ ಬೇರೆ ಎಂದು ಅವರು ಎಣಿಸಿಲ್ಲ. ಇನ್ನು ‘ಸಲಾಮತ್’, ಅಂದರೆ ಧನ್ಯವಾದ, ಅರಬ್ಬಿ ಮೂಲದ್ದು. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮೂರಲ್ಲಿ ‘ಸಲಾಮತ್’ ಅಂದರೆ ಕ್ಷೇಮ. ಡೈರಿಯವಳು ಈ ನಂಟನ್ನೆಲ್ಲ ನಿಘಂಟಿಲ್ಲದೆಯೇ ಕಂಡುಕೊಂಡಿದ್ದಳು. ಸಿನಿಗಾಂಗ್ ಎಂಬ ಅವರ ಹುಳಿಸಾರಿಗೆ ಹುಣಸೆ ಬೇಕು. ತಾಯಿ ಕಟ್ಟಿಕೊಟ್ಟ ಮಾನ್ವಿಯ ಹುಣಸೆಹಣ್ಣು ಹಾಸ್ಟೆಲ್ಲಿನಲ್ಲಿ ಎರಡು ದೇಶಗಳ ಸಾರಿಗೂ ಬೀಳುತ್ತದೆ.

ಇರಲಿ, ಕೇಳಲು ಹೋದ ವಿಷಯಕ್ಕೆ ಬರುತ್ತೇನೆ. ಆತೆಯ ದೇಶ ನರ್ಸುಗಳನ್ನು ಹೊರಗೆ ಕಳಿಸುವುದನ್ನೇ ಸರ್ಕಾರಿ ಕೆಲಸ ಮಾಡಿಕೊಂಡಿದೆ. ಅಮೆರಿಕದ ಆಳ್ವಿಕೆಯಲ್ಲಿ ಇಂಗ್ಲಿಷಿನ ನರ್ಸಿಂಗ್ ಶಾಲೆಗಳು ಬಂದವು. 1948ರಲ್ಲಿ ಶುರುವಾದ ವಿನಿಮಯ ಯೋಜನೆಯಲ್ಲಿ ಸಾವಿರಾರು ಮಂದಿ ಅಮೆರಿಕ ಸೇರಿದರು. 1974ರಲ್ಲಿ ಅಧ್ಯಕ್ಷ ಮಾರ್ಕೋಸ್ ಕಾಲದ ಕಾರ್ಮಿಕ ಸಂಹಿತೆ ಹೊರದೇಶದ ದುಡಿಮೆಗೆ ಸರ್ಕಾರದ ಮುದ್ರೆ ಒತ್ತಿತು. ಕೋವಿಡ್ ಬಂದಾಗ ಮಾತ್ರ ತಮ್ಮ ಮನೆಗೇ ಆಳಿಲ್ಲವೆಂದು ಬಾಗಿಲು ಹಾಕಿ, 2020ರ ಕೊನೆಗೆ ವರ್ಷಕ್ಕೆ 5,000 ಮಂದಿ ಎಂದು ಮಿತಿ ಹಾಕಿದರು. ಈ ಕಳಿಸುವ ಏರ್ಪಾಟನ್ನು ನಾನು ಪೂರಾ ಮೆಚ್ಚುವವನಲ್ಲ. ತಾಯಂದಿರನ್ನು ರಫ್ತು ಮಾಡಿ ಡಾಲರ್ ಎಣಿಸುವ ಸರ್ಕಾರ ಅದು. ಆದರೆ ಆತೆಗೆ ತೊಂದರೆಯಾದರೆ ಯಾವ ಕಚೇರಿಯ ಬಾಗಿಲು ಬಡಿಯಬೇಕೆಂದು ಗೊತ್ತು. ಮಾನ್ವಿಯವಳಿಗೆ ಗೊತ್ತಿದ್ದದ್ದು ಒಬ್ಬ ಏಜೆಂಟನ ಮೊಬೈಲ್ ನಂಬರು. ಹೊಲ ಅಡವಿಟ್ಟು ಅವನಿಗೆ ಕೊಟ್ಟ ಹಣಕ್ಕೆ ರಸೀದಿ ಇಲ್ಲ. ದಾಖಲೆ ತಪಾಸಣೆಯ ಡೇಟಾಫ್ಲೋ, ಪರವಾನಗಿ ಪರೀಕ್ಷೆಯ ಪ್ರೋಮೆಟ್ರಿಕ್ ಖರ್ಚು ಬೇರೆ. ಮೊದಲ ವರ್ಷದ ಸಂಬಳವೆಲ್ಲ ಹೊಲ ಬಿಡಿಸಲು ಹೋಯಿತು.

ನಮ್ಮಲ್ಲಿ ಸರ್ಕಾರ ಎಚ್ಚೆತ್ತದ್ದು 2015ರಲ್ಲಿ. ಕೊಚ್ಚಿಯ ಏಜೆನ್ಸಿಯೊಂದು ಕುವೈತ್‌ಗೆ ಹೊರಟ ನರ್ಸುಗಳಿಂದ 19,500 ರೂಪಾಯಿ ತೆಗೆದುಕೊಳ್ಳಬೇಕಾದಲ್ಲಿ 19.5 ಲಕ್ಷ ಕಿತ್ತುಕೊಂಡ ಪ್ರಕರಣ ಸಿಬಿಐ ಮೆಟ್ಟಿಲೇರಿತ್ತು. ಆ ವರ್ಷವೇ ಸೌದಿ, ಕುವೈತ್ ಸೇರಿ 18 ದೇಶಗಳಿಗೆ ನರ್ಸುಗಳ ನೇಮಕಾತಿಯನ್ನು ಕೇಂದ್ರವು ಸರ್ಕಾರಿ ಸಂಸ್ಥೆಗಳ ಕೈಗೆ ಕೊಟ್ಟಿತು. ಕೇರಳದಲ್ಲಿ ಅಂಥ ಸಂಸ್ಥೆ, ನೋರ್ಕಾ ರೂಟ್ಸ್, ಆಗಲೇ ಇತ್ತು. ಕರ್ನಾಟಕದ ಕೌಶಲ್ಯಾಭಿವೃದ್ಧಿ ನಿಗಮವೂ ಈಗ ಅಂತರರಾಷ್ಟ್ರೀಯ ವಲಸೆ ಕೇಂದ್ರ ನಡೆಸುತ್ತಿದೆ, ಬೆಂಗಳೂರಿನಲ್ಲಿ. ನಮ್ಮ ಜಿಲ್ಲೆಯ ದೇವದುರ್ಗದಿಂದ ಅಲ್ಲಿಗೆ ಹೋಗಲು ರೈಲೂ ಇಲ್ಲ.

ಆ ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಪ್ಪನನ್ನು ಮಾತಾಡಿಸಿದೆ. ಹೊರಟಿದ್ದು ಕಟ್ಟಡದ ಕೆಲಸಕ್ಕೆ, ಗಂಟುಮೂಟೆ ಸಮೇತ. ಮಗಳು ನರ್ಸಿಂಗ್ ಓದುತ್ತಿದ್ದಾಳೆ. “ನಮ್ದು ಬಸ್ಸಿನ ಗುಳೇರಿ, ಅಕಿದು ಇಮಾನದ ಗುಳೇ” ಎಂದು ನಕ್ಕ. ಇದಕ್ಕಿಂತ ಸರಿಯಾದ ಹೆಸರು ನನಗೆ ಹೊಳೆದಿಲ್ಲ.

ರಾಯಚೂರಿನದು ಇನ್ನೊಂದು ವಿಚಿತ್ರ. ನಾವೆಲ್ಲ ‘ಓಪೆಕ್ ಆಸ್ಪತ್ರೆ’ ಅನ್ನುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಎದ್ದದ್ದು ತೈಲ ದೇಶಗಳ ನಿಧಿಯ ನೆರವಿನಿಂದ. ಅವರ ಎಣ್ಣೆ ದುಡ್ಡು ಇಲ್ಲಿ ಆಸ್ಪತ್ರೆ ಕಟ್ಟಿಸಿತು, ನಮ್ಮ ಹುಡುಗಿಯರು ಅವರ ಆಸ್ಪತ್ರೆಗೆ ಹೋದರು. ಏಮ್ಸ್ ಬೇಕೆಂದು ಇದೇ ಊರಲ್ಲಿ 2022ರ ಮೇ 13ರಂದು ಅನಿರ್ದಿಷ್ಟ ಧರಣಿ ಶುರುವಾಯಿತು. ಬೇಡಿಕೆಯ ಪಟ್ಟಿಗೆ ವಲಸೆ ಕೇಂದ್ರದ ಒಂದು ಶಾಖೆಯನ್ನೂ ಸೇರಿಸಬಹುದಿತ್ತು. ಅದಕ್ಕೆ ಎರಡು ಕುರ್ಚಿ, ಒಂದು ಕಂಪ್ಯೂಟರ್ ಸಾಕು.

ಅಲ್ಲಿಯವರೆಗೆ ಮಗಳನ್ನು ಕಳಿಸಲು ಹೊರಟವರು ಇಷ್ಟು ಮಾಡಿ: ಏಜೆಂಟನಿಗೆ ವಿದೇಶಾಂಗ ಸಚಿವಾಲಯದ ಪರವಾನಗಿ ಇದೆಯೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಅವನು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ರಸೀದಿ ಕೊಡದವನಿಗೆ ಪಾಸ್‌ಪೋರ್ಟ್ ಕೊಡಬೇಡಿ.