ಅನಾಥ ನಾಯಿಯನ್ನು ಮನೆಗೆ ತರುವ ಮುನ್ನ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಸಾಲದ ಬಾಕಿ, ಗೊಬ್ಬರದ ದಾಸ್ತಾನು, ಮಹಾಸಭೆಯ ತಾರೀಕು ಇತ್ಯಾದಿ. ಈ ಸಲ ನಾಯಿಯ ವಿಷಯ ಬರೆಯುತ್ತಿದ್ದೇನೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಈ ಮಳೆಗಾಲದಲ್ಲಿ ಸಂಘಕ್ಕೆ ಮೈಲುತುತ್ತ ಒಯ್ಯಲು ಬಂದ ಸದಸ್ಯರ ಪೈಕಿ ನಾಲ್ವರು, ಲೆಕ್ಕ ಚುಕ್ತಾ ಮಾಡಿ ಏಳುವಾಗ ಒಂದೇ ಮಾತು ಕೇಳಿದರು: "ನಿಮ್ಮನೆಗೆ ಬೆಂಗಳೂರಿಂದ ಯಾವುದೋ ಬಿಟ್ಟುಹಾಕಿದ ನಾಯಿ ತಂದಿದ್ದೀರಂತಲ್ಲ, ಹೊಂದಿಕೊಂಡಿತಾ? ನಮ್ಮ ಹುಡುಗರೂ ಒಂದು ತರ್ತೀವಿ ಅಂತ ಕೂತಿದ್ದಾರೆ."

ಮಕ್ಕಳು ಪಟ್ಟಣ ಸೇರಿ, ತೋಟದ ಮನೆಗಳಲ್ಲಿ ವಯಸ್ಸಾದ ಇಬ್ಬರೇ ಉಳಿಯುತ್ತಿರುವ ಕಾಲ ಇದು. ಅಪ್ಪ ಅಮ್ಮನಿಗೆ ಜೊತೆಯಾಗಲಿ, ಒಂದು ಜೀವಕ್ಕೂ ನೆಲೆ ಸಿಗಲಿ ಎಂದು ಮಕ್ಕಳು ಯೋಚಿಸುವುದು ಒಳ್ಳೆಯದೇ. ಆದರೆ ಕೌಂಟರಿನ ಬಳಿ ನಿಂತು ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಪೂರ್ತಿ ಉತ್ತರ ಇಲ್ಲಿದೆ. ಇದರಲ್ಲಿ ನಮ್ಮ ಮನೆಯ ತಪ್ಪುಗಳೇ ಹೆಚ್ಚಾಗಿರುವುದರಿಂದ ಸದಸ್ಯರಿಗೆ ಉಪಯೋಗವಾದೀತು.

ತಂದ ಹೊತ್ತೇ ಸರಿಯಿರಲಿಲ್ಲ

ನಮ್ಮದು ಕೂಡುಮನೆ. ಎಂಬತ್ತು ದಾಟಿದ ಅಮ್ಮ, ನಾವು ದಂಪತಿಗಳು, ನನ್ನ ತಮ್ಮ, ಅವನ ಹೆಂಡತಿ, ಏಳು ವರ್ಷದ ಮಗ. ಹಿಂದೆ ಇದ್ದ ನಾಯಿಯನ್ನು ಚಿರತೆ ಅಂಗಳದಿಂದಲೇ ಹೊತ್ತುಕೊಂಡು ಹೋದ ಮೇಲೆ ಮೂರು ವರ್ಷ ನಾಯಿಯೇ ಇರಲಿಲ್ಲ. 2024ರ ದೀಪಾವಳಿಗೆ ಬೆಂಗಳೂರಿನಿಂದ ಬಂದ ನನ್ನ ಮಗಳು ಕಾರಿನ ಹಿಂದಿನ ಬಾಗಿಲು ತೆಗೆದಾಗ ಕೆಂಪು ಬಣ್ಣದ, ಸುಮಾರು ಮೂರು ವರ್ಷದ ನಾಯಿಯೊಂದು ಸೀಟಿನ ಕೆಳಗೆ ಮುದುಡಿ ಕೂತಿತ್ತು. ಪ್ರಾಣಿರಕ್ಷಣಾ ಕೇಂದ್ರವೊಂದರಿಂದ ತಂದದ್ದು. ಜೊತೆಗೆ ಕೊಟ್ಟ ಕಾಗದದಲ್ಲಿ "ಮಕ್ಕಳೊಂದಿಗೆ ಸ್ನೇಹದಿಂದ ಇರುತ್ತದೆ" ಎಂದು ಬರೆದಿತ್ತು.

ಮಗಳಿಗೆ ಆಶ್ಚರ್ಯಪಡಿಸುವ ಉತ್ಸಾಹ, ಮೊದಲೇ ತಿಳಿಸಿರಲಿಲ್ಲ. ಮನೆ ತುಂಬ ನೆಂಟರು. ಸಂಜೆಯಾದರೆ ಪಟಾಕಿ. ನಾಯಿ ಸೌದೆ ಕೊಟ್ಟಿಗೆಯ ಮೂಲೆ ಸೇರಿದ್ದು ಎರಡು ದಿನ ಹೊರಗೆ ಬರಲಿಲ್ಲ, ನೀರು ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ಮಕ್ಕಳೆಲ್ಲ ಸಾಲಾಗಿ ಹೋಗಿ ಬಗ್ಗಿ ನೋಡಿ ಬರುತ್ತಿದ್ದರು. ಮೂರನೆಯ ದಿನ ಮಗಳು ಕೆಲಸಕ್ಕೆ ಹಿಂದಿರುಗಿದಳು. ನಾಯಿಗೆ ಪರಿಚಯವಿದ್ದದ್ದು ಅವಳೊಬ್ಬಳೇ!

ಇಂಥ ನಾಯಿಗಳ ಬಗ್ಗೆ ತಿಳಿದವರು ಒಂದು ಲೆಕ್ಕ ಹೇಳುವುದುಂಟು: ಹೆದರಿಕೆ ಇಳಿಯಲು ಮೂರು ದಿನ, ಮನೆಯ ರೀತಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಎಂದುಕೊಳ್ಳಲು ಮೂರು ತಿಂಗಳು. ಇದು ಅಂದಾಜು ಅಷ್ಟೇ, ನಮ್ಮದಕ್ಕೆ ಇನ್ನೂ ಹೆಚ್ಚು ಹಿಡಿಯಿತು. ಹಬ್ಬ, ಮದುವೆ, ಕೊಯ್ಲು ಇಲ್ಲದ ಬಿಡುವಿನ ವಾರ ನೋಡಿ ತರಬೇಕಿತ್ತು. ತಂದವರು ಕನಿಷ್ಠ ಒಂದು ವಾರವಾದರೂ ಮನೆಯಲ್ಲಿ ಇರಬೇಕಿತ್ತು.

ಹೆಸರಿನದೂ ಒಂದು ಗೊಂದಲ. ಮಗಳು ಬ್ರೂನೋ ಎಂದಳು. ಅಮ್ಮ ಬಣ್ಣ ನೋಡಿ ಕೆಂಚ ಎಂದರು. ಲೈನಿನ ಆಳುಗಳು ಹಳೆಯ ನಾಯಿಯ ಹೆಸರಿನಿಂದಲೇ ಕರೆದರು. ಒಬ್ಬರು ಜಗುಲಿಗೆ ಹತ್ತಿಸಿದರೆ ಇನ್ನೊಬ್ಬರು ಗದರಿ ಇಳಿಸಿದರು. ನನ್ನ ಹೆಂಡತಿ ಹೊತ್ತು ನೋಡಿ ಅನ್ನ ಹಾಕಿದರೆ ತಮ್ಮ ಊಟದ ನಡುವೆ ಎದ್ದು ಬಂದು ದೋಸೆ ಎಸೆದ. ಆರು ಜನ ಆರು ಬಗೆ ನಡೆಸಿಕೊಂಡರೆ ಹೆದರಿದ ಪ್ರಾಣಿಗೆ ಯಾವುದು ಸರಿ ಎಂದು ಹೇಗೆ ತಿಳಿಯಬೇಕು?

ದೋಟಿ, ಕೋಲು, ಕೊಪ್ಪೆ

ಈ ನಾಯಿ ಹಿಂದೆ ಯಾರಿಂದಲೋ ಪೆಟ್ಟು ತಿಂದಿರಬೇಕು. ಕೋಲು ಕಂಡರೆ ಮೂತ್ರ ಮಾಡಿಕೊಳ್ಳುತ್ತಿತ್ತು, ಇಲ್ಲವೇ ಹಲ್ಲು ಕಿರಿಯುತ್ತಿತ್ತು. ಪಟ್ಟಣದ ಮನೆಯಲ್ಲಾದರೆ ಇದು ದೊಡ್ಡ ಸಂಗತಿಯಲ್ಲ. ನಮ್ಮಲ್ಲಿ ಕೋಲು ಹಿಡಿಯದವರು ಯಾರು? ಕಾಫಿ ಕಣದಲ್ಲಿ ಗೋರುವ ಹಲಗೆ, ದನ ಅಟ್ಟುವ ಬರಲು, ಕಪಾತಿನವರ ಕತ್ತಿ. ಅಡಿಕೆ ಕೊನೆ ತೆಗೆಯುವವರು ಈಗ ಕಾರ್ಬನ್ ಫೈಬರ್ ದೋಟಿ ಹೊತ್ತು ಅಂಗಳದ ಮೇಲೇ ಹಾಯುತ್ತಾರೆ. ಮಳೆಗಾಲ ಬಂತೆಂದರೆ ಎಲ್ಲರ ತಲೆಯ ಮೇಲೂ ಪ್ಲಾಸ್ಟಿಕ್ ಕೊಪ್ಪೆ. ಮನೆಯವರನ್ನೇ ನಾಯಿ ಗುರುತಿಸುವುದು ಕಷ್ಟ.

ಇದಕ್ಕೆ ಗದರಿಕೆ ಮದ್ದಲ್ಲ. ಗದರಿದಷ್ಟೂ ಹೆದರಿಕೆ ಹೆಚ್ಚಿ, ಅದರಿಂದಲೇ ಕಚ್ಚುತ್ತದೆ. ದೋಟಿಯನ್ನು ಅಂಗಳದಲ್ಲಿ ಸುಮ್ಮನೆ ಮಲಗಿಸಿಟ್ಟು, ಅದರಿಂದ ಹತ್ತು ಮಾರು ದೂರದಲ್ಲಿ ನಾಯಿಗೆ ತಿಂಡಿ ಕೊಡುವುದು. ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರವಾಗಿಸುವುದು. ಪಶುವೈದ್ಯರು ಹೇಳಿಕೊಟ್ಟ ಉಪಾಯ ಇದು. ಫಲ ಸಿಗಲು ವಾರಗಟ್ಟಲೆ ಬೇಕು.

ಕಚ್ಚಿದ ಸಂಜೆ

ಡಿಸೆಂಬರಿನಲ್ಲಿ ಒಂದು ಸಂಜೆ. ಅಡಿಕೆ ಸುಲಿಯುವವರು ಬಂದಿದ್ದರು, ಎಲ್ಲರಿಗೂ ಕೈತುಂಬ ಕೆಲಸ. ನಾಯಿ ಅಟ್ಟದ ಕೆಳಗೆ ಊಟ ಮಾಡುತ್ತಿತ್ತು. ತಮ್ಮನ ಮಗನ ಚೆಂಡು ಉರುಳಿ ತಟ್ಟೆಯ ಪಕ್ಕ ನಿಂತಿತು. ಹುಡುಗ ಕೈಚಾಚಿದ. ನಾಯಿ ಗುರ್ ಎಂದದ್ದು ಅವನಿಗೆ ಆಟವಾಗಿ ಕೇಳಿಸಿತು. ಮುಂಗೈಯಲ್ಲಿ ಎರಡು ಹಲ್ಲು ಇಳಿದು ರಕ್ತ ಬಂತು.

ಎಲ್ಲ ಬೆಳೆಗಾರರೂ ನೆನಪಿಡಬೇಕಾದ ಮಾತು ಇಲ್ಲಿದೆ. ಸುಣ್ಣ, ಅರಿಸಿನ, ಮೆಣಸಿನಪುಡಿ ಏನನ್ನೂ ಗಾಯಕ್ಕೆ ಹಾಕಬಾರದು. ಹರಿಯುವ ನೀರಿನಲ್ಲಿ ಸೋಪು ಹಾಕಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಬೇಕು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದಿದ್ದರಿಂದ ಹುಡುಗನಿಗೆ ಗಾಯದ ಸುತ್ತ ಸೀರಮ್ಮಿನ ಚುಚ್ಚುಮದ್ದು ಕೊಟ್ಟರು. ತೋಳಿಗೆ ಲಸಿಕೆಯನ್ನು ಆ ದಿನ, ಆಮೇಲೆ 3, 7 ಮತ್ತು 28ನೆಯ ದಿನಗಳಲ್ಲಿ ಹಾಕಿದರು. ನಮ್ಮ ವಯಸ್ಸಿನವರಿಗೆ ನಾಯಿ ಕಡಿತ ಎಂದರೆ ಹೊಟ್ಟೆಗೆ ಚುಚ್ಚುವ 14 ಸೂಜಿಯ ಭಯ. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರ ಕೊನೆಗೇ ನಿಲ್ಲಿಸಲಾಗಿದೆ. ಆ ಭಯದಿಂದ ಯಾರೂ ಆಸ್ಪತ್ರೆ ತಪ್ಪಿಸಬಾರದು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನನ್ನು ಉಳಿಸಿಕೊಳ್ಳುವುದು ಆಗದ ಮಾತು.

ನಾಯಿಗೆ ಲಸಿಕೆ ಆಗಿದೆ ಎಂದು ಕೇಂದ್ರದವರು ಬಾಯಲ್ಲಿ ಹೇಳಿದ್ದರು. ಯಾವ ತಾರೀಕು ಎಂಬ ಕಾಗದ ಮಾತ್ರ ನಮ್ಮಲ್ಲಿ ಇರಲಿಲ್ಲ. ಹತ್ತು ದಿನ ಅದನ್ನು ಕಟ್ಟಿಹಾಕಿ ಕಾದೆವು. ಕಚ್ಚಿದ ನಾಯಿ ಹತ್ತು ದಿನದ ನಂತರವೂ ಆರೋಗ್ಯವಾಗಿದ್ದರೆ ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ಆ ರೋಗಾಣು ಇರಲಿಲ್ಲವೆಂದು ಅರ್ಥ. ಲಸಿಕೆಯನ್ನು ಮಾತ್ರ ಈ ಹತ್ತು ದಿನ ಕಾಯದೆ ಮೊದಲೇ ಶುರುಮಾಡಬೇಕು. ಆ ಹತ್ತು ದಿನ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ.

ಬೇಡವೆಂದವರ ಷರತ್ತು

"ಭಾವ, ನಾಯಿ ಇರಲಿ ಅಂತಾದರೆ ನಾನೂ ಮಗುವೂ ತವರಿಗೆ ಹೋಗ್ತೇವೆ" ಎಂದು ತಮ್ಮನ ಹೆಂಡತಿ ಹೇಳಿದಳು. ಆ ಮಾತಿನಲ್ಲಿ ತಪ್ಪೇನಿಲ್ಲ. ಕೇಂದ್ರಕ್ಕೆ ಫೋನು ಮಾಡಿದರೆ "ಈಗ ಜಾಗವಿಲ್ಲ, ಎರಡು ತಿಂಗಳು ಕಾಯಿರಿ" ಎಂದರು. ನೆರೆಯವರೊಬ್ಬರು ಘಾಟಿಯ ತಿರುವಿನಲ್ಲಿ ರಾತ್ರಿ ಬಿಟ್ಟು ಬಂದರೆ ಮುಗಿಯಿತು ಎಂದರು. ಆ ರಾತ್ರಿ ನಾನೂ ಕಾರಿನ ಬೀಗದ ಕೈಯನ್ನು ಎರಡು ಸಲ ಕೈಗೆ ತೆಗೆದುಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ.

ತಡೆದದ್ದು ಅಮ್ಮ. ನಾಯಿ ಬಂದ ದಿನ ಎಲ್ಲರಿಗಿಂತ ಹೆಚ್ಚು ಗೊಣಗಿದ್ದವರೂ ಅವರೇ. "ಅದಾಗಿ ಬಂದಿದ್ದಲ್ಲ ಮಾರಾಯ, ನಾವು ಕರ್ಕಂಡು ಬಂದಿದ್ದು. ಉಣ್ಣೋ ನಾಯಿ ಹತ್ರ ಹೋಗ್ಬಾರ್ದು ಅಂತ ಮಗೂಗೆ ಹೇಳದೆ ಇದ್ದದ್ದೂ ನಾವೇ" ಎಂದರು. ಆಮೇಲೆ ತಮ್ಮನ ಹೆಂಡತಿಯ ಕಡೆ ತಿರುಗಿ, "ಹ್ಯಾಗೆ ಇದ್ರೆ ನಿಂಗೆ ಧೈರ್ಯ, ಅದನ್ನ ಹೇಳು" ಎಂದು ಕೇಳಿದರು.

ಆಗ ಅವಳು ಹೇಳಿದ ಷರತ್ತುಗಳನ್ನು ಸಂಘದ ನಡವಳಿಯಂತೆ ಕಾಗದದಲ್ಲಿ ಬರೆದು ಅಡಿಗೆಮನೆ ಬಾಗಿಲಿಗೆ ಅಂಟಿಸಿದೆವು:

1. ನಾಯಿಗೆ ಊಟ ಹಳೆಯ ಕರುವಿನ ಕೊಟ್ಟಿಗೆಯಲ್ಲಿ, ಚಿಲಕ ಹಾಕಿ. ಹಾಕುವವರು ಒಬ್ಬರೇ, ದಿನಕ್ಕೆ ಎರಡೇ ಹೊತ್ತು.

2. ದೊಡ್ಡವರೊಬ್ಬರು ಪಕ್ಕದಲ್ಲಿ ಇಲ್ಲದೆ ಮಗು ಮತ್ತು ನಾಯಿ ಒಂದೇ ಕಡೆ ಇರಕೂಡದು.

3. ಲೈನಿನ ಮಕ್ಕಳು ಅಂಗಳಕ್ಕೆ ಬರುವ ಹೊತ್ತಿನಲ್ಲಿ ನಾಯಿ ಕಟ್ಟಿನಲ್ಲಿ ಇರತಕ್ಕದ್ದು.

4. ಹೆಸರು ಒಂದೇ, ಕೆಂಚ. ಜಗುಲಿಗೆ ಬರಬಹುದು, ಒಳಗೆ ಇಲ್ಲ.

5. ಇನ್ನೊಮ್ಮೆ ಕಚ್ಚಿದರೆ ಎಲ್ಲರೂ ಕೂತು ತೀರ್ಮಾನಿಸುವುದು. ಯಾರೂ ಕದ್ದು ಬಿಟ್ಟು ಬರಕೂಡದು.

ನನ್ನ ಅನುಭವದ ಸಾರವೆಲ್ಲ ಇಷ್ಟೇ. ನಾಯಿ ಬೇಕು ಎನ್ನುವವರ ಉತ್ಸಾಹದ ಮೇಲೆ ಮನೆ ನಡೆಸಬಾರದು. ಬೇಡ ಎನ್ನುವವರನ್ನು ಮೊದಲು ಕೂರಿಸಿ ಕೇಳಬೇಕು. ಎಲ್ಲಿ ಅಪಾಯವಿದೆ ಎಂದು ನೋಡಿರುವವರು ಅವರೇ. ಈ ಕಾಗದ ದೀಪಾವಳಿಗೆ ಮೊದಲೇ ಬಾಗಿಲ ಮೇಲಿದ್ದರೆ ಹುಡುಗನ ಕೈಯಲ್ಲಿ ಆ ಎರಡು ಕಲೆ ಇರುತ್ತಿರಲಿಲ್ಲ.

ತೋಟದ ಮನೆಯ ಬೇರೆ ಅಪಾಯಗಳು

ಪಟ್ಟಣದಿಂದ ಬಂದ ನಾಯಿಗೆ ತೋಟದ ಗುಟ್ಟು ಗೊತ್ತಿಲ್ಲ. ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗೂ ರುಚಿ, ತಿಂದರೆ ನಡುಕ ಬಂದು ಸಾಯಬಹುದು. ಇಲಿ ಪಾಷಾಣವೂ ಹಾಗೆಯೇ. ಗುಳಿಗೆ ಇಟ್ಟ ಪಟ್ಟೆಗೆ ನಾಯಿ ಹೋಗದಂತೆ ನೋಡಿಕೊಳ್ಳಬೇಕು. ಬೋರ್ಡೋ ದ್ರಾವಣದ ಡ್ರಮ್ಮು, ಬಕೆಟ್ಟುಗಳನ್ನು ತೆರೆದಿಡಬಾರದು.

ರಾತ್ರಿ ನಾಯಿ ಹೊರಗಿರಬೇಕು ಎಂಬುದು ನಮ್ಮ ಹಳೆಯ ಪದ್ಧತಿ. ಮಹಾರಾಷ್ಟ್ರದ ಅಕೋಲೆ ಕಣಿವೆಯ ಕಬ್ಬಿನ ಸೀಮೆಯಲ್ಲಿ ಸಂಶೋಧಕರು ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ ಅದರ ಆಹಾರದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಸಾಕುನಾಯಿಯದೇ ಆಗಿತ್ತು; 2014ರಲ್ಲಿ ಅದು ಪ್ರಕಟವಾಯಿತು. ನಮ್ಮ ಹಿಂದಿನ ನಾಯಿಯ ಗತಿ ನೆನೆದು ಕೆಂಚನನ್ನು ಕತ್ತಲಾದೊಡನೆ ಒಳಗೆ ಕೂಡುತ್ತೇವೆ. ಹಗಲು ಎರಡು ಕಂಬಗಳ ನಡುವೆ ಸರಿಗೆ ಎಳೆದು, ಅದರ ಮೇಲೆ ಓಡಾಡುವ ಬಳೆಗೆ ಹಗ್ಗ ಕಟ್ಟಿದ್ದೇವೆ. ಕಾಡಿಗೆ ನುಗ್ಗಿ ಬರುವ ನಾಯಿ ಉಣುಗನ್ನೂ ಹೊತ್ತು ತರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ ಎಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವೈದ್ಯರನ್ನು ಕೇಳಿ ಉಣುಗಿನ ಔಷಧಿ ತಪ್ಪದೆ ಹಾಕಿಸಬೇಕು.

ಊಟದ ಸಮಸ್ಯೆಯೂ ಬಂತು. ನಮ್ಮದು ಸಸ್ಯಾಹಾರದ ಮನೆ. ನಾಯಿ ಅನ್ನವನ್ನು ಅರಗಿಸಿಕೊಳ್ಳಬಲ್ಲದು; ಈ ಶಕ್ತಿ ತೋಳಕ್ಕಿಂತ ನಾಯಿಗೆ ಹೆಚ್ಚು ಎಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಆದರೂ ಬರೀ ಅನ್ನ ಮಜ್ಜಿಗೆ ಸಾಲದು. ಕೊಟ್ಟಿಗೆಯ ಹೊರ ಒಲೆಯಲ್ಲಿ ಮೊಟ್ಟೆ ಬೇಯಿಸಲು ಅಮ್ಮ ಒಪ್ಪಿದರು, ಪಾತ್ರೆ ಬೇರೆ ಎಂಬ ಷರತ್ತಿನ ಮೇಲೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ಆಗದು. ಕಾಫಿಯೂ ಆಗದು. ಇದರಿಂದ ನಮ್ಮ ವ್ಯಾಪಾರವೇನೂ ಕುಸಿಯಲಾರದು!

ತರುವ ಮುನ್ನ

ಮಕ್ಕಳು ನಾಯಿ ತರುತ್ತೇವೆ ಎಂದರೆ ಇಷ್ಟನ್ನು ಕೇಳಿ. ಲಸಿಕೆಯ ತಾರೀಕು, ಸಂತಾನಹರಣದ ವಿವರ ಕಾಗದದಲ್ಲಿ ಇದೆಯೇ? ತಟ್ಟೆಯ ಹತ್ತಿರ ಹೋದರೆ, ಕೋಲು ಕಂಡರೆ ಅದು ಏನು ಮಾಡುತ್ತದೆ ಎಂದು ಯಾರಾದರೂ ಕಣ್ಣಾರೆ ನೋಡಿದ್ದಾರೆಯೇ? ಹೊಂದದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುತ್ತೇವೆಂದು ಬರೆದುಕೊಡುತ್ತಾರೆಯೇ? ದಿನವೂ ಊಟ ಹಾಕಿ, ಹಗ್ಗ ಹಿಡಿದು ಸುತ್ತಾಡಿಸಿ, ವೈದ್ಯರ ಬಳಿ ಒಯ್ಯುವವರು ಯಾರು? ತಂದವರು ಪಟ್ಟಣದಲ್ಲಿ, ನೋಡಿಕೊಳ್ಳುವವರು ಮಂಡಿನೋವಿನ ತಂದೆತಾಯಿ ಎಂದಾದರೆ ಈಗಲೇ ಬೇಡವೆನ್ನುವುದೇ ಲೇಸು. ನಮ್ಮ ಸದಸ್ಯರೊಬ್ಬರು ಒಂದು ತಿಂಗಳು ನೋಡಿ, ಆಗುವುದಿಲ್ಲವೆಂದು ನಾಯಿಯನ್ನು ತಂದಲ್ಲಿಗೇ ಒಪ್ಪಿಸಿ ಬಂದರು. ಅವರು ನಾಚಿಕೆಪಡಬೇಕಾಗಿಲ್ಲ. ನಾಚಿಕೆಪಡಬೇಕಾದದ್ದು ಘಾಟಿಯ ತಿರುವಿನಲ್ಲಿ ಬಿಡುವವರು.

ಕೆಂಚನಿಗೆ ನಮ್ಮಲ್ಲಿ ಹತ್ತು ತಿಂಗಳಾಯಿತು. ದೋಟಿ ಹೊತ್ತವರು ಬಂದರೆ ಈಗಲೂ ಎದ್ದು ಕೊಟ್ಟಿಗೆಗೆ ಹೋಗುತ್ತಾನೆ. ಹಲ್ಲು ಕಿರಿಯುವುದು ನಿಂತಿದೆ. ಜುಲೈಯ ಜಡಿಮಳೆಯಲ್ಲಿ ಒಂದು ದಿನ ಹುಡುಗ ಕೊಪ್ಪೆ ಹಾಕಿಕೊಂಡು ಶಾಲೆಯಿಂದ ಬಂದ. ಗುರುತು ಸಿಗದೆ ಕೆಂಚ ಹಗ್ಗ ಜಗ್ಗಿ ಬೊಗಳಿದ. ಹುಡುಗ ಓಡಲಿಲ್ಲ. ಹೇಳಿಕೊಟ್ಟಂತೆ ದೂರದಲ್ಲೇ ನಿಂತು, ಮಳೆಯಲ್ಲೇ ಕೊಪ್ಪೆ ತೆಗೆದು, ಮಗ್ಗುಲಾಗಿ ತಿರುಗಿ ಮೆಲ್ಲಗೆ ಹೆಸರು ಹಿಡಿದು ಕರೆದ. ನಾಯಿ ಬಾಲ ಆಡಿಸಿತು. ತಮ್ಮನ ಹೆಂಡತಿ ಜಗುಲಿಯಲ್ಲಿ ನಿಂತು ನೋಡುತ್ತಿದ್ದಳು, ಏನೂ ಹೇಳಲಿಲ್ಲ. ಬಾಗಿಲಿನ ಕಾಗದವನ್ನೂ ತೆಗೆಯಲಿಲ್ಲ. ತೆಗೆಯಬಾರದು ಎಂದೇ ನನ್ನ ಅಭಿಪ್ರಾಯ.

ಕೊನೆಯಲ್ಲಿ ಸಂಘದ ವತಿಯಿಂದ ಒಂದು ಸೂಚನೆ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ವಾರದಲ್ಲಿ ಪಶುವೈದ್ಯರನ್ನು ಕರೆಸಿ, ಸದಸ್ಯರ ಮನೆಯ ಮತ್ತು ಲೈನುಗಳ ನಾಯಿಗಳಿಗೆ ಲಸಿಕೆ ಹಾಕಿಸಬೇಕೆಂದಿದ್ದೇವೆ. ಎಷ್ಟು ನಾಯಿ ಎಂಬ ಲೆಕ್ಕ ಬೇಕು. ಗೊಬ್ಬರಕ್ಕೆ ಬಂದಾಗ ಕಚೇರಿಯಲ್ಲಿ ಹೆಸರು ಬರೆಸಿ ಹೋಗಬೇಕಾಗಿ ಕೋರಿಕೆ.

— ಕಾರ್ಯದರ್ಶಿ