ಮಿದುಳಿನ ಎಂಆರ್‌ಐ ರಿಪೋರ್ಟಲ್ಲಿ 'ಲೀಶನ್' ಅಂತ ಬರೆದಿದ್ದರೆ

ರಿಪೋರ್ಟ್ ಕೈಗೆ ಬಂದ ಕೂಡಲೇ ಫೋಟೋ ತೆಗೆದು ಊರಿಗೆ ವಾಟ್ಸಾಪ್ ಮಾಡುವುದು, ಅಲ್ಲಿ ಮನೆಯವರು ಅಳುವುದು, ಇಲ್ಲಿ ರೂಮಿನವರು "ಗಡ್ಡೆಯಂತೆ" ಎಂದು ಮಾತಾಡಿಕೊಳ್ಳುವುದು. ಸ್ವಲ್ಪ ತಾಳಿ. 'ಲೀಶನ್' ಅಂದರೆ ಸುತ್ತಲಿನ ಜಾಗಕ್ಕಿಂತ ಬೇರೆಯಾಗಿ ಕಾಣುವ ಗುರುತು, ಅಷ್ಟೆ. ಅದು ಹಳೆಯ ಕಲೆ ಇರಬಹುದು, ಸೋಂಕು ಇರಬಹುದು, ಗಡ್ಡೆಯೂ ಇರಬಹುದು. ಯಾವುದೆಂದು ಆ ಒಂದು ಪದ ಹೇಳುವುದಿಲ್ಲ.

ಮೊದಲು ಕೊನೆಯಲ್ಲಿರುವ 'ಇಂಪ್ರೆಶನ್' ಭಾಗ ನೋಡಿ, ಸಾರ ಅಲ್ಲಿರುತ್ತದೆ. 'ಹೈಪರ್‌ಇಂಟೆನ್ಸಿಟಿ' ಅಂದರೆ ಆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ ಅಂತ. ಚಿಕ್ಕ ಬಿಳಿ ಚುಕ್ಕಿಗಳು ಬಿಪಿ, ಶುಗರ್, ಮೈಗ್ರೇನ್ ಇರುವವರಲ್ಲಿ, ಸಿಗರೇಟ್ ಸೇದುವವರಲ್ಲಿ, ವಯಸ್ಸಾದವರಲ್ಲಿ ಸಾಮಾನ್ಯ. ಬಿಪಿ, ಶುಗರ್ ಚೆಕ್ ಮಾಡಿಸಿಕೊಳ್ಳಿ.

ಫಿಟ್ಸ್ ಬಂದು ಸ್ಕ್ಯಾನ್ ಮಾಡಿಸಿದವರ ರಿಪೋರ್ಟಲ್ಲಿ ಕೆಲವೊಮ್ಮೆ 'ರಿಂಗ್ ಎನ್‌ಹ್ಯಾನ್ಸಿಂಗ್ ಲೀಶನ್' ಅಂತ ಇರುತ್ತದೆ. ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟಾಗ ಉಂಗುರದ ಹಾಗೆ ಕಾಣುವ ಗುರುತು ಇದು. ನಮ್ಮ ದೇಶದವರಲ್ಲಿ ಇದಕ್ಕೆ ಮುಖ್ಯ ಕಾರಣ ಎರಡು: ಲಾಡಿಹುಳದ ಮರಿ ಮತ್ತು ಟಿಬಿ ಗಂಟು. "ನಾನು ಹಂದಿ ಮಾಂಸ ಮುಟ್ಟಿದವನೇ ಅಲ್ಲ" ಅನ್ನಬೇಡಿ. ಮಿದುಳಿಗೆ ಹೋಗುವ ಹುಳ ಬರುವುದು ಮಾಂಸದಿಂದಲ್ಲ, ಲಾಡಿಹುಳ ಇರುವವರ ಮಲದಲ್ಲಿ ಹೊರಬಿದ್ದ ಮೊಟ್ಟೆಯಿಂದ. ತೊಳೆಯದ ಸೊಪ್ಪು, ಹಸಿ ತರಕಾರಿ, ಕೊಳೆ ನೀರು, ಕೊಳೆ ಕೈ ಸಾಕು. ಶುದ್ಧ ಸಸ್ಯಾಹಾರಿಗೂ ಬರುತ್ತದೆ. ಊರಲ್ಲಿ ಎಷ್ಟೋ ವರ್ಷದ ಹಿಂದೆ ಹೊಕ್ಕಿದ್ದು ಈಗ ಫಿಟ್ಸ್ ಆಗಿ ಹೊರಬೀಳಬಹುದು. 20 ಮಿ.ಮೀ.ಗಿಂತ ಚಿಕ್ಕದಾದ ಒಂದೇ ಉಂಗುರ ಹೆಚ್ಚಾಗಿ ಹುಳದ್ದೇ. ಕೆಲವು ತಿಂಗಳಲ್ಲಿ ತಾನಾಗಿ ಕರಗುವುದೂ ಉಂಟು. ಆದ್ದರಿಂದ "ಕೆಲವು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್" ಅಂದ ಡಾಕ್ಟರು ನಿಮ್ಮನ್ನು ಕಡೆಗಣಿಸಿದರು ಅಂತಲ್ಲ. ಹುಳದ ಮಾತ್ರೆ ಅಂಗಡಿಯಿಂದ ತಂದು ನೀವೇ ನುಂಗಬೇಡಿ. ಮಿದುಳಲ್ಲಿ ಹುಳ ಸಾಯುವಾಗ ಊತ ಹೆಚ್ಚಾಗಿ ಫಿಟ್ಸ್ ಜೋರಾಗುತ್ತದೆ. ಊತಕ್ಕೂ ಔಷಧ ಜೊತೆಗೆ ಬೇಕು.

ಫಿಟ್ಸ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ. ಸ್ಕ್ಯಾಫೋಲ್ಡಿಂಗ್, ಕ್ರೇನ್, ಡ್ರೈವಿಂಗ್ ಡಾಕ್ಟರು ಹೇಳುವ ತನಕ ಬೇಡವೇ ಬೇಡ. "ಹೇಳಿದರೆ ಕೆಲಸ ಹೋಗುತ್ತೆ" ಎಂಬ ಹೆದರಿಕೆ ಸುಳ್ಳಲ್ಲ, ಗೊತ್ತು. ಆದರೆ ಎತ್ತರದಿಂದ ಬಿದ್ದರೆ ಕೆಲಸವೂ ಇಲ್ಲ, ನೀವೂ ಇಲ್ಲ. ಎತ್ತರದ ಕೆಲಸ ಬೇಡ, ನೆಲದ ಮೇಲಿನ ಕೆಲಸ ಮಾಡಬಹುದು ಎಂದು ಡಾಕ್ಟರಿಂದ ಬರೆಸಿಕೊಂಡು ಕಂಪೆನಿಗೆ ಕೊಡಿ, ಒಂದು ಕಾಪಿ ನಿಮ್ಮಲ್ಲಿರಲಿ.

'ಅಕ್ಯೂಟ್ ಇನ್‌ಫಾರ್ಕ್ಟ್', 'ಹೆಮರೇಜ್', 'ಮಿಡ್‌ಲೈನ್ ಶಿಫ್ಟ್', 'ಹೈಡ್ರೋಸೆಫಾಲಸ್' ಎಂದಿದ್ದರೆ ಮಾತ್ರ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ, ಫಿಟ್ಸ್ 5 ನಿಮಿಷ ದಾಟಿದರೆ ಆಂಬ್ಯುಲೆನ್ಸ್ ಕರೆಯಿರಿ: ಯುಎಇ 998, ಸೌದಿ 997, ಕುವೈತ್ 112, ಕತಾರ್ 999.

ಇನ್ನೆರಡು ಮಾತು. ವೆಲ್ಡಿಂಗ್, ಗ್ರೈಂಡಿಂಗ್ ಮಾಡುವವರ ಕಣ್ಣಿಗೆ ಯಾವಾಗಲಾದರೂ ಕಬ್ಬಿಣದ ಚೂರು ಹೊಕ್ಕಿದ್ದರೆ ಸ್ಕ್ಯಾನಿಗೆ ಮೊದಲೇ ಹೇಳಿ. ಎಂಆರ್‌ಐ ಅಯಸ್ಕಾಂತ ಅದನ್ನು ಎಳೆದು ಕಣ್ಣು ಹಾಳಾಗಬಹುದು. ಊರಿಗೆ ಹೋಗುವಾಗ ರಿಪೋರ್ಟಿನ ಹಾಳೆ ಮಾತ್ರ ಸಾಲದು, ಸ್ಕ್ಯಾನಿನ ಸಿಡಿ ಕೇಳಿ ಪಡೆಯಿರಿ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರೂ ಡಾಕ್ಟರು ನೋಡಬೇಕಾದ್ದು ಚಿತ್ರಗಳನ್ನೇ.