ದೂರದಿಂದ ಯೂರೋಪನ್ನು ಕಾಣುವ ಬಗೆ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರಕ್ಕೆ ಯೂರೋಪು ಭೂಗೋಳದ ಮತ್ತೊಂದು ಮಗ್ಗುಲು. ಆದರೂ ಅಲ್ಲಿಯ ಕ್ಯಾಂಟರ್ಬರಿ ವಿಶ್ವವಿದ್ಯಾನಿಲಯವು 2000ದಲ್ಲಿ ಯೂರೋಪಿನ ಸಂಶೋಧನೆಗೆಂದೇ ಒಂದು ಕೇಂದ್ರವನ್ನು ಸ್ಥಾಪಿಸಿತು. ಇದೇಕೆಂದು ಶ್ರೋತೃಗಳು ಕೇಳಬಹುದು. ಉತ್ತರವು ಬೆಣ್ಣೆಯಲ್ಲಿದೆ! ಆ ದೇಶದ ಬೆಣ್ಣೆಗೂ ಕುರಿಮಾಂಸಕ್ಕೂ ಬ್ರಿಟನ್ನೇ ದೊಡ್ಡ ಪೇಟೆಯಾಗಿದ್ದಿತು. 1973ರಲ್ಲಿ ಬ್ರಿಟನ್ನು ಯೂರೋಪಿನ ಆರ್ಥಿಕ ಸಮುದಾಯವನ್ನು ಸೇರಲು, ಎಷ್ಟು ಬೆಣ್ಣೆ ಒಳಹೋಗಬೇಕೆಂಬ ತೀರ್ಮಾನವು ಆ ಸಮುದಾಯದ ಕೈಸೇರಿತು. ತಮ್ಮ ಅನ್ನವನ್ನು ಅಳೆಯುವವರನ್ನು ಅರಿಯದೆ ಗತಿಯೇನು?

ಆದರೆ ಮಾರ್ಟಿನ್ ಹಾಲೆಂಡರ ನೇತೃತ್ವದ ಈ ಕೇಂದ್ರವು ಯೂರೋಪಿನ ವಿದ್ವಾಂಸರು ಬರೆದುದನ್ನೇ ಗಿಣಿಯಂತೆ ಒಪ್ಪಿಸುತ್ತ ಕೂಡಲಿಲ್ಲ. ದಫ್ತರಗಳಿಂದ ಅಷ್ಟು ದೂರವಿದ್ದವರಿಗೆ ಆ ಸ್ಪರ್ಧೆಯಲ್ಲಿ ಗೆಲುವೂ ಇಲ್ಲವೆನ್ನಿ. ಏಷ್ಯಾ-ಪೆಸಿಫಿಕ್ ದೇಶಗಳ ಪತ್ರಿಕೆಗಳು ಯೂರೋಪನ್ನು ಹೇಗೆ ಚಿತ್ರಿಸುತ್ತವೆ, ಅಲ್ಲಿಯ ಜನರು ಅದನ್ನು ಏನೆಂದು ಬಗೆದಿದ್ದಾರೆ ಎಂಬುದನ್ನು ಅದು ಶೋಧಿಸಿತು. ಬ್ರಸೆಲ್ಸಿನಲ್ಲಿ ಕುಳಿತವರಿಗೆ ಇದು ಕಾಣದ ನೋಟ. ಈ ಕನ್ನಡಿಗೆ ಯೂರೋಪಿನ ಒಕ್ಕೂಟವೇ ಹಣದ ನೆರವನ್ನೂ ಇತ್ತಿತು.